ಮೂಟೆ ಕಾಣದೆ ಸುರಿಯದ ಸಬ್ಬಕ್ಕಿ

ಇಷ್ಟಕ್ಕೆಲ್ಲಾ ಕಾರಣ ನಾಲ್ಕೇ ನಾಲ್ಕು ಮಾತು: ನೋಡು, ನಿಲ್ಲು, ಸುರಿ, ನಡೆ. ತಮಿಳುನಾಡಿನ ಓಮಲೂರಿನ ಸಬ್ಬಕ್ಕಿ ಕಾರ್ಖಾನೆಗೆ ತೊಂಬತ್ತಾರರಲ್ಲಿ ಬಂದ ಮೂಟೆ ತುಂಬುವ ಯಂತ್ರಕ್ಕೆ ತಿಳಿಯುತ್ತಿದ್ದ ಕಂಪ್ಯೂಟರ್ ಭಾಷೆ ಅಷ್ಟೇ. ಯಾವ ಆಜ್ಞೆಗೆ ಕರಾರುವಾಕ್ಕಾಗಿ ಏನರ್ಥವೆಂದು ಯಂತ್ರ ಮಾರಿದವರೂ ಹೇಳಿರಲಿಲ್ಲ. ಟೆಂಪರರಿ ಎಂಜಿನಿಯರ್ ಅಕ್ಷೋಭ್ಯ ಬಿಡುತ್ತಾನೆಯೇ? ಒಂದೊಂದಕ್ಕೂ ಗಣಿತದಲ್ಲಿ ಅರ್ಥ ಕಟ್ಟಿ, ತಾನು ಬರೆದ ಪ್ರೋಗ್ರಾಮು ಸರಿಯೆಂಬ ಪುರಾವೆಯನ್ನು ಗೋದಾಮಿನ ಗೋಡೆ ತುಂಬ ಬರೆದು ಸಾರಿದ: “ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಮೂಟೆ ಕಾಣದೆ ಸಬ್ಬಕ್ಕಿ ಸುರಿಯಲ್ಲ!”

“ಶುಕ್ರವಾರ ಓಪನಿಂಗು. ಗಲಾಟೆ ಇಲ್ದೆ ಓಡ್ಸಿಬುಡು, ನಿನ್ ಕೆಲ್ಸ ಪರ್ಮನೆಂಟು,” ಎಂದಿದ್ದರು ಕಾರ್ಖಾನೆಯ ಒಡೆಯ, ಎಲ್ಲರ ಬಾಯಲ್ಲಿ ‘ಮೊದಲಾಳಿ’, ನಾಗರಾಜನ್.

ಶುಕ್ರವಾರ ಪೂಜೆ ಮುಗಿದು ಸ್ವಿಚ್ ಒತ್ತಿದ್ದೇ ತಡ, ಬೆಲ್ಟು ಗಕ್ಕನೆ ನಿಂತಿತು. ಮೂಟೆಯ ಸುಳಿವಿಲ್ಲ, ಸಬ್ಬಕ್ಕಿ ಮಾತ್ರ ದಬದಬ ನೆಲಕ್ಕೆ!

“ಅಯ್ಯಯ್ಯೋ, ಎಲ್ಲಾ ಪೋಚ್ಚು, ಹೋಯ್ತು!” ಮೂಟೆ ಹೊಲಿಯುವ ಪುಷ್ಪಾ ಸೆರಗೊಡ್ಡಿಕೊಂಡು ಓಡಿ ಬಂದವಳು ಜಾರಿ ರಾಶಿಯಲ್ಲೇ ಕೂತಳು.

ದಿನಗೂಲಿ ಮೇಸ್ತ್ರಿ ಮುತ್ತುಸ್ವಾಮಿಗೆ ಹಬ್ಬ. “ಏನ್ ಸಾರ್, ಮಿಷಿನ್ನು ನಿಮ್ ಗೋಡೆ ಓದಿಲ್ವಾ?”

“ಗೋಡೆ ಸರಿಯಾಗೇ ಇದೆ ಕಣ್ರೀ!” ಪಾದ ಮುಳುಗಿದ್ದರೂ ಅಕ್ಷೋಭ್ಯ ಗುಡುಗಿದ. “ಸುರೀತಿದೆ ಅಂದ್ರೆ ಅದಕ್ಕೆ ಮೂಟೆ ಕಂಡಿದೆ. ಇಲ್ಲದ ಮೂಟೆ ಕಂಡಿದೆ ಅಂದ್ರೆ ಅದರ ಕಣ್ಣಿಗೆ ಏನೋ ಅಡ್ಡ ಬಂದಿದೆ!”

“ಮೊದ್ಲು ಆಫ್ ಮಾಡಯ್ಯಾ!” ಮೊದಲಾಳಿ ಕಿರುಚಿದರು.

ಆಫ್ ಮಾಡಿ ಬಗ್ಗಿ ನೋಡಿದರೆ, ಮೂಟೆ ಗುರುತಿಸುವ ಪುಟ್ಟ ಗಾಜಿನ ಕಣ್ಣಿನ ಮೇಲೆ ರೂಪಾಯಿ ಅಗಲ ವಿಭೂತಿ, ನಡುವೆ ಕುಂಕುಮ!

“ಯಾರ್ರೀ ಇಟ್ಟಿದ್ದು?” ಅಕ್ಷೋಭ್ಯ ಕೂಗಿದ.

“ನಾನೇ,” ಎಂದ ಮುತ್ತುಸ್ವಾಮಿ. “ಪೂಜೆ ದಿನ ಮಿಷಿನ್ಗೆ ಬೊಟ್ಟು ಇಡ್ದೆ ಇರಾಕಾಯ್ತದಾ ಸಾರ್? ಬೇರೆ ಕಡೆಯೆಲ್ಲಾ ಗ್ರೀಸು. ಅದೊಂದೇ ಜಾಗ ಸುದ್ದವಾಗೈತೆ.”

ಒರೆಸಿ ಮತ್ತೆ ಸ್ವಿಚ್ ಒತ್ತಿದ್ದೇ ಬೆಲ್ಟು ಓಡಿತು, ಮೂಟೆಗಳು ಸಾಲಾಗಿ ತುಂಬಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಷೋಭ್ಯನಿಗೆ ಎಲ್ಲಿಲ್ಲದ ಸಂತೋಷ.

“ಸಬಾಶ್!” ಮೊದಲಾಳಿ ಬೆನ್ನು ತಟ್ಟಿದರು. “ಪ್ರೋಗ್ರಾಮಲ್ಲಿ ತಪ್ಪೇ ಇಲ್ಲ, ಅಲ್ವಾ?”

“ಇಲ್ಲ ಮೊದಲಾಳಿ.”

“ಮುಂದೂ ಬರಾಕಿಲ್ವಾ?”

“ಸೂರ್ಯಚಂದ್ರರು ಇರೋವರೆಗೂ ಬರಲ್ಲ!”

“ಹಂಗಾದ್ರೆ ನಿನ್ಗೆ ಇಲ್ಲೇನಯ್ಯಾ ಕೆಲ್ಸ? ತಪ್ಪು ಬರಾದು ಬೊಟ್ಟಿಂದ. ಪೂಜೆ ನಿಲ್ಸಾಕಾಗಲ್ಲ. ಆ ಗಾಜು ಒರಸಾಕೆ ಖಾಯಂ ಒಬ್ರು ಬೇಕು. ಮುತ್ತುಸ್ವಾಮೀ, ಇವತ್ತಿಂದ ನೀನು ಪರ್ಮನೆಂಟು!”

ಅಕ್ಷೋಭ್ಯ ಬಾಯಿ ತೆರೆದ. ಮೊದಲಾಳಿಯ ವಾದದಲ್ಲಿ ಎಲ್ಲಾದರೂ ತಪ್ಪಿರಬೇಕೆಂದು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಪರೀಕ್ಷಿಸಿದ. ಒಂದೂ ಸಿಗಲಿಲ್ಲ, ಪಾಪ.