ದೊಡ್ಡ ಗಣಿತಕ್ಕೆ ಒಬ್ಬಳೇ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಬೀಳದಿರಲಿ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಕೂತ್ಕೊಳ್ಳಿ.

ನಮ್ಮ ಬೀದಿಯ ಕಟಿಂಗ್ ಅಂಗಡಿಯವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುವುದು. ಕತ್ತರಿ ನಿಂತರೂ ಬಾಯಿ ನಿಲ್ಲದು. ಅವನಿಗೊಬ್ಬಳೇ ಮಗಳು. ಕಾಲೇಜಿಗೆ ಹೋಗಿ ಸೇತುವೆ ಕಟ್ಟುವುದನ್ನು ಕಲಿಯಬೇಕೆಂದು ಅವಳ ಆಸೆ. ಅವಳ ಹೈಸ್ಕೂಲಿನಲ್ಲಿ ಗಣಿತ ಎರಡು ಥರ: ಕಬ್ಬಿಣದ ಕಡಲೆಯಂಥ ದೊಡ್ಡ ಗಣಿತ, ನೀರು ಕುಡಿದಷ್ಟು ಸಲೀಸಾದ ಸಣ್ಣ ಗಣಿತ. ತರಗತಿಯ ಇಪ್ಪತ್ಮೂರು ಮಕ್ಕಳೂ ಸಣ್ಣದಕ್ಕೇ ಫಾರಂ ಕೊಟ್ಟಿದ್ದರು. ಒಂದೇ ಒಂದು ಸಲ ಬದಲಾಯಿಸಬಹುದಿತ್ತು. ಅದಕ್ಕೂ ಅಂದು ಸಂಜೆ ಐದು ಗಂಟೆಯೇ ಕೊನೆ.

ಗ್ರಹಚಾರ ಬೆಳಗಿನ ಮೊದಲ ಗಡ್ಡದಲ್ಲೇ ಬಂದು ಕೂತಿತು. ಗಡ್ಡ ಕಾಲೇಜಿನ ಗುಮಾಸ್ತರದ್ದು.

"ದೊಡ್ಡದರಲ್ಲಿ ಅರವತ್ತು ತಗೊಂಡವನು ಮೇಲೋ, ಸಣ್ಣದರಲ್ಲಿ ತೊಂಬತ್ತು ತಗೊಂಡವನು ಮೇಲೋ ಅಂತ ಅಳೆದೂ ಅಳೆದೂ ನಮಗೆ ತಲೆ ಕೆಟ್ಟುಹೋಗಿದೆ ಕಣಯ್ಯ," ಎಂದರು ಗುಮಾಸ್ತರು, ನೊರೆಯ ಮಧ್ಯದಿಂದ. "ಇನ್ಮೇಲೆ ಪ್ರತಿ ಶಾಲೆಗೆ ಎರಡೇ ಸೀಟು. ದೊಡ್ಡದರಲ್ಲಿ ಮೊದಲು ಬಂದವರಿಗೊಂದು, ಸಣ್ಣದರಲ್ಲಿ ಮೊದಲು ಬಂದವರಿಗೊಂದು. ಯಾರಿಗೂ ಹೇಳ್ಬೇಡ."

ರೇಡಿಯೋ ಕತ್ತಿ ಎತ್ತಿ ಹಿಡಿದೇ ಮನಸ್ಸಿನಲ್ಲಿ ಎಣಿಸಿದ. ಸಣ್ಣದರಲ್ಲಿ ಮಗಳು ತೊಂಬತ್ತು ತೆಗೆದರೂ ಮೇಷ್ಟ್ರ ಮಗ ತೊಂಬತ್ತೈದು ತೆಗೆಯುವವನು. ದೊಡ್ಡದಕ್ಕೋ, ಒಂದು ನೊಣವೂ ಹೋಗಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ!

"ಸ್ವಾಮಿ, ಒಂದು ನಿಮಿಷ," ಎಂದವನೇ ಗುಮಾಸ್ತರ ಎಡಗೆನ್ನೆಯನ್ನು ನೊರೆಯಲ್ಲೇ ಬಿಟ್ಟು ಶಾಲೆಗೆ ಓಡಿದ.

ಆಫೀಸಿನ ಅಕ್ಕ ಕಿಟಕಿಯಿಂದ ಕನ್ನಡಕ ಇಳಿಸಿ ನೋಡಿದರು. "ಯೋಚನೆ ಮಾಡಿದ್ದೀಯೇನಪ್ಪ? ದೊಡ್ಡದರಲ್ಲಿ ನಿನ್ನ ಮಗಳು ಒಬ್ಬಳೇ ಆಗ್ತಾಳೆ."

"ಅದಕ್ಕೇ ಅಕ್ಕ, ಅದಕ್ಕೇ!"

ಒಬ್ಬಳೇ ಇರುವ ತರಗತಿಯಲ್ಲಿ ಏಳು ಅಂಕ ಬಂದರೂ ಮೊದಲನೆಯವಳೇ ತಾನೆ? ರೇಡಿಯೋ ಸೀಟು ಜೇಬಿಗೆ ಹಾಕಿಕೊಂಡವನ ಹಾಗೆ ಎದೆ ಉಬ್ಬಿಸಿಕೊಂಡು ಅಂಗಡಿಗೆ ಬಂದ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಕತೆಯೇ ಇರಲಿಲ್ಲ. ಆದರೆ ಒಂದು ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನಿರುವುದು ಅವನಿಂದ ಆಗುವ ಕೆಲಸವೇ?

ಬೇಕರಿಯವನು ಕೂತ. ಅರ್ಧ ಗಂಟೆ ರೇಡಿಯೋ ತುಟಿ ಕಚ್ಚಿಕೊಂಡ. ಮುಖ ಕೆಂಪಾಯಿತು, ಕಿವಿಯಿಂದ ಹಬೆ ಬಂತು. ನಾನೇ ನೋಡಿದ್ದೇನೆ.

"ಏನಯ್ಯ, ಹುಷಾರಿಲ್ವಾ?" ಎಂದ ಬೇಕರಿಯವನು.

"ನಿಮ್ಗೊಬ್ರಿಗೇ ಹೇಳ್ತೀನಿ, ಯಾರಿಗೂ ಹೇಳ್ಬೇಡಿ," ಎಂದು ರೇಡಿಯೋ ಅಷ್ಟನ್ನೂ ಹೇಳಿದ. ಕೊನೆಗೆ, "ದೊಡ್ಡದರಲ್ಲಿ ನನ್ನ ಮಗಳೊಬ್ಬಳೇ!" ಎಂದ.

ಬೇಕರಿಯವನು ಕನ್ನಡಿಯಲ್ಲೇ ಲೆಕ್ಕ ಹಾಕಿದ. ರೇಡಿಯೋನ ಮಗಳೊಬ್ಬಳನ್ನು ಸೋಲಿಸಿದರೆ ಸಾಕು, ತನ್ನ ಮಗನಿಗೆ ಸೀಟು! ಕೊರಳಿನ ಬಟ್ಟೆ ಸಮೇತ ಎದ್ದು ಓಡಿದ. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ನಾಲ್ವರೂ ಓಡಿದರು. ಅವರ ಪೇಪರ್ ಬಹಳ ಹೊತ್ತಿನಿಂದ ತಲೆಕೆಳಗಾಗಿತ್ತು. ಆಮೇಲೆ ಪೋಸ್ಟ್‌ಮನ್ ಬಂದ, ಓಡಿದ. ಮೇಷ್ಟ್ರು ಒಂದು ಮೀಸೆ ಕತ್ತರಿಸಿಕೊಂಡು, ಇನ್ನೊಂದನ್ನು ಹಾಗೇ ಹೊತ್ತುಕೊಂಡು ಓಡಿದರು. ರೇಡಿಯೋ ಮಾತ್ರ ಇವತ್ತು ಎಲ್ಲರಿಗೂ ಎಷ್ಟು ಅವಸರದ ಕೆಲಸವಪ್ಪಾ ಎಂದುಕೊಂಡು ಮುಂದಿನವರಿಗೆ ಬಟ್ಟೆ ಹೊದಿಸುತ್ತಿದ್ದ.

ನಾಲ್ಕೂ ಮುಕ್ಕಾಲಿಗೆ ಹೆಂಡತಿ ಏದುಸಿರು ಬಿಡುತ್ತ ಬಂದಳು. "ರೀ, ಶಾಲೆ ಕಿಟಕಿ ಮುಂದೆ ಏನ್ರೀ ಅದು? ಅರ್ಧ ತಲೆಯವರೆಲ್ಲ ಸಾಲಾಗಿ ನಿಂತಿದ್ದಾರೆ! ಮೇಷ್ಟ್ರಿಗೆ ಒಂದೇ ಮೀಸೆ!"

ರೇಡಿಯೋನ ಕೈಯಿಂದ ಬಾಚಣಿಗೆ ಬಿತ್ತು. ಎದ್ದನೋ ಬಿದ್ದನೋ ಎಂದು ಓಡಿ ಕಿಟಕಿ ಹಿಡಿದಾಗ ಐದಕ್ಕೆ ಎರಡು ನಿಮಿಷ.

"ಅಕ್ಕಾ, ದೊಡ್ಡದರಲ್ಲಿ ಈಗ ಎಷ್ಟು ಜನ?"

"ಇಪ್ಪತ್ತೆರಡು. ಮೇಷ್ಟ್ರ ಮಗನೂ ಸೇರಿದ."

"ಹಂಗಾದ್ರೆ ನನ್ನ ಮಗಳನ್ನ ವಾಪಸ್ ಸಣ್ಣದಕ್ಕೇ ಹಾಕಿ!"

"ಒಂದೇ ಸಲ ಅಂತ ಬರೆದಿರೋದು ಕಾಣ್ಸಲ್ವಾ? ನಿನ್ನ ಸಲ ಬೆಳಿಗ್ಗೆನೇ ಮುಗೀತು."

"ಇಪ್ಪತ್ತೆರಡು ಅಂದ್ರಿ. ಇನ್ನೊಬ್ಬ ಯಾರು? ಸಣ್ಣದರಲ್ಲಿ ಯಾರು ಉಳಿದ್ರು?"

ಅಕ್ಕ ಪಟ್ಟಿ ನೋಡಿದರು. "ಬಡಗಿ ಮಗ. ಹೋದ ಪರೀಕ್ಷೇಲಿ ಹನ್ನೊಂದು ತಗೊಂಡಿದ್ನಲ್ಲ, ಅವನು. ಅವರಪ್ಪಂಗೆ ಪಾಪ ಸುದ್ದಿನೇ ಗೊತ್ತಿಲ್ಲ ಅನ್ಸುತ್ತೆ."

ರೇಡಿಯೋ ಹಣೆ ಚಚ್ಚಿಕೊಂಡ. ಗೊತ್ತಾಗುವುದಾದರೂ ಹೇಗೆ? ಹೊಟ್ಟೆ ಮುಟ್ಟುವ ಗಡ್ಡ ಬಿಟ್ಟ ಆ ಬಡಗಿ ಹನ್ನೊಂದು ವರ್ಷದಿಂದ ಅಂಗಡಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ!

ಕಿಟಕಿ ಧಡ್ಡನೆ ಮುಚ್ಚಿತು. ತಿರುಗಿದರೆ ಹಿಂದೆ ಮಗಳು ನಿಂತಿದ್ದಾಳೆ, ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ದೊಡ್ಡ ಗಣಿತ.

"ಊರಿಗೆಲ್ಲ ಹೇಳಿದ್ರಲ್ಲಪ್ಪ," ಎಂದಳು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಅಂಥ ರೇಡಿಯೋ ತಲೆ ತಗ್ಗಿಸಿಕೊಂಡು ಅಂಗಡಿಗೆ ಬಂದ. ನೋಡಿದರೆ ಕುರ್ಚಿಯಲ್ಲಿ ಬಡಗಿ, ಗಡ್ಡ ನೇವರಿಸಿಕೊಂಡು!

"ಪೂರ್ತಿ ತೆಗಿಯಪ್ಪ. ಮಗನಿಗೆ ಸೀಟು ಖಾತ್ರಿಯಂತೆ, ಈಗಷ್ಟೇ ಬೀದೀಲಿ ಕೇಳ್ದೆ. ಇನ್ಮೇಲೆ ನಾನೂ ನಾಲ್ಕು ಜನರ ಜೊತೆ ಕೂರೋಣ ಅಂತ. ಏನು ಸಮಾಚಾರ?"

ರೇಡಿಯೋ ಕತ್ತಿ ಎತ್ತಿದ. ಆಮೇಲೆ... ಅರೆ, ಯಾಕೆ ಎದ್ರಿ ಸ್ವಾಮಿ? ನಿಮ್ಮ ಮಗಳ ಫಾರಮ್ಮಾ? ಶಾಲೆ ಕಡೆಗಾ? ಅಯ್ಯೋ, ಓಡ್ಬೇಡಿ, ಪೂರ್ತಿ ಕೇಳಿ, ಈ ವರ್ಷ ಕಾಲೇಜಿನವರು ಆ ನಿಯಮವನ್ನೇ ಕಿತ್ತುಹಾಕಿ...