ಮೂರನೇ ಸುತ್ತಿನ ಹಮೀದ್

ಮಾತಾಡಲು ಯಾರಾದರೂ ಸಿಕ್ಕರೆ ನಾನು ಪುಸ್ತಕ ಮುಟ್ಟುವವನಲ್ಲ. ಅಂಥವನು ಏಳುನೂರು ವರ್ಷ ಹಳೆಯ ಇಟಾಲಿಯನ್ ಕಾವ್ಯವನ್ನು, ಅದೂ ಇಂಗ್ಲಿಷಿನಲ್ಲಿ, ಓದುತ್ತಿದ್ದೇನೆ ಎಂದರೆ ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಕಾಲೇಜಿಗೆಂದು ಮಗಳು, ಅವಳ ಜೊತೆಗೆಂದು ಹೆಂಡತಿ ಮಂಗಳೂರಿಗೆ ಹೋದ ಮೇಲೆ ನಾನು ಅಬುಧಾಬಿಯಲ್ಲಿದ್ದ ಬಾಡಿಗೆ ಮನೆ ಬಿಟ್ಟು ಎಲೆಕ್ಟ್ರಾ ಸ್ಟ್ರೀಟಿನ ಕಂಪನಿ ಫ್ಲ್ಯಾಟಿಗೆ ಬಂದೆ. ಮಗಳು ಬಿಟ್ಟುಹೋದ ಪುಸ್ತಕಗಳಲ್ಲಿ ಇದೇ ದಪ್ಪದ್ದು. ಕವಿ ಬದುಕಿರುವಾಗಲೇ ಸತ್ತವರ ಲೋಕಕ್ಕೆ ಹೋಗಿ, ನರಕದ ಸುತ್ತುಗಳನ್ನು ಒಂದೊಂದಾಗಿ ಇಳಿದು, ಪಾಪ ತೊಳೆಯುವ ಬೆಟ್ಟ ಹತ್ತಿ, ಸ್ವರ್ಗ ನೋಡಿ ಬರುತ್ತಾನೆ. ಎಲ್ಲಕ್ಕೂ ಒಳಗೊಂದು ಅರ್ಥವಿದೆಯಂತೆ. ನನಗೆ ಹಿಡಿಸಿದ್ದು ಮಾತ್ರ ಒಂದೇ, ತನಗಾಗದವರನ್ನು ಆತ ಹೆಸರು ಹಿಡಿದು ನರಕಕ್ಕೆ ಹಾಕಿದ್ದಾನೆ. ಈ ಮನುಷ್ಯ ಖಂಡಿತ ಯಾರ ಜೊತೆಗೋ ಫ್ಲ್ಯಾಟ್ ಹಂಚಿಕೊಂಡಿರಬೇಕು ಎಂದುಕೊಂಡೆ.

ನನ್ನ ಜೊತೆಗಿದ್ದವರು ಬಂಟ್ವಾಳದ ಹಮೀದ್. ಫೋನನ್ನು ಸ್ಪೀಕರಿಗೆ ಹಾಕಿ ಇಡೀ ಬಿಲ್ಡಿಂಗಿಗೆ ಕೇಳುವಂತೆ ಬ್ಯಾರಿ ಭಾಷೆಯಲ್ಲಿ ಮಾತಾಡುವುದು, ಫ್ರಿಜ್ಜಿನಲ್ಲಿ ನನ್ನ ಹೆಸರು ಬರೆದ ಡಬ್ಬಿಯನ್ನೇ ಹುಡುಕಿ ಖಾಲಿ ಮಾಡುವುದು ಅವರ ಪದ್ಧತಿ. ನಾನೂ ಒಂದು ಕಾಗದದ ಮೇಲೆ ನರಕದ ಹಂಚಿಕೆ ಶುರುಮಾಡಿದೆ. ಸಿಟ್ಟಿನವರ ಸುತ್ತಿಗೆ ಮ್ಯಾನೇಜರ್, ಹೊಟ್ಟೆಬಾಕರ ಮೂರನೇ ಸುತ್ತಿಗೆ ಹಮೀದ್. ಕ್ಲೀನಿಂಗ್ ಪಾಳಿ ಬರೆದು ಅಂಟಿಸುವ ಅಭ್ಯಾಸಬಲ ನೋಡಿ, ಈ ಪಟ್ಟಿಯನ್ನೂ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿ ಆಫೀಸಿಗೆ ಹೋದೆ.

ಸಂಜೆ ಹಮೀದ್ ಕಾಗದದ ಮುಂದೆ ನಿಂತಿದ್ದರು. “ಶೆಟ್ರೇ, ಇದೆಂತ? ಮೂರನೇದರಲ್ಲಿ ನನ್ನ ಹೆಸರುಂಟು. ಬಾತ್‌ರೂಮ್ ತೊಳೀಲಿಕ್ಕಾ?”

ತಡವರಿಸುತ್ತ ವಿವರಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ. “ಮತ್ತೆ ನೀವು ಎಷ್ಟನೇದರಲ್ಲಿ?”

“ನಾನು ಸುಮ್ಮನೆ ನೋಡ್ಲಿಕ್ಕೆ ಹೋದವ, ಕವಿಯ ಹಾಗೆ.”

“ಎಲ್ಲರನ್ನೂ ಅಲ್ಲಿಗೆ ಕಳಿಸಿದ್ರೆ ನಿಮ್ಮೊಟ್ಟಿಗೆ ಚಾ ಕುಡೀಲಿಕ್ಕೆ ಯಾರುಂಟು?” ಎನ್ನುತ್ತ ಎರಡು ಲೋಟ ಚಹಾ ಮಾಡಿದರು.

ಮರುತಿಂಗಳೇ ಅವರ ಹೆಂಡತಿಗೆ ವೀಸಾ ಬಂತು. ಊರಾಚೆಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಬಡಾವಣೆಯಲ್ಲಿ ಮನೆ ಹಿಡಿದು ಹೊರಟುಹೋದರು. ನಾನು ಸ್ವರ್ಗದ ಭಾಗಕ್ಕೆ ಬಂದೆ. ಅಲ್ಲಿ ಎಲ್ಲರೂ ಬರೀ ಬೆಳಕು, ಯಾರಿಗೂ ಹಸಿವಿಲ್ಲ. ಹತ್ತು ಪುಟ ದಾಟಲಾಗಲಿಲ್ಲ. ಹಮೀದ್ ಇಲ್ಲದೆ ಬೇಜಾರಾಗುತ್ತಿದೆ ಎಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ, ಅವರಿಗೆ ಹೇಳಿಲ್ಲ.

ಪ್ರತಿ ಶುಕ್ರವಾರ ಅವರ ಫೋನ್ ಬರುತ್ತಿತ್ತು, ನಮಾಜ್ ಮುಗಿಸಿ ತಾವೇ ಕಾರಿನಲ್ಲಿ ಬರುತ್ತೇವೆ, ಊಟಕ್ಕೆ ಹೋಗೋಣ ಎಂದು. ಗಂಡ ಹೆಂಡಿರ ನಡುವೆ ನಾನೇಕೆ ಎಂಬ ಬಿಂಕದಿಂದ “ಕೆಲಸ ಉಂಟು” ಎನ್ನುತ್ತಿದ್ದೆ. ಕೆಲಸವೆಂದರೆ ಲುಂಗಿ ಒಗೆಯುವುದು. ಮೊನ್ನೆ ಶುಕ್ರವಾರ ಹೋಗಿಯೇಬಿಡೋಣ ಎಂದು ಇಸ್ತ್ರಿ ಶರಟು ಹಾಕಿ ಕೂತರೆ ಫೋನೇ ಬರಲಿಲ್ಲ. ಎರಡು ಗಂಟೆಗೆ ನಾನೇ ಮಾಡಿದೆ. ಹಿಂದೆ ತಟ್ಟೆಗಳ ಸದ್ದು, ನಗು.

“ಇವತ್ತು ಭಾವ ಬಂದಿದ್ದಾರೆ ಶೆಟ್ರೇ. ನಿಮಗೆ ಹೇಗೂ ಕೆಲಸ ಉಂಟಲ್ಲ, ಹಾಗೆ ಕರೀಲಿಲ್ಲ.”

“ಹೌದೌದು, ಉಂಟು. ಸುಮ್ಮನೆ ಮಾಡಿದ್ದು.”

ಶರಟು ಬಿಚ್ಚಿ, ಮತ್ತೆ ನರಕದ ಭಾಗ ತೆಗೆದು, ಕೆಲಸವಿಲ್ಲದೆ ಕೆಲಸ ಉಂಟು ಎನ್ನುವವರ ಸುತ್ತು ಯಾವುದೆಂದು ಹುಡುಕಿದೆ. ಸುಳ್ಳುಗಾರರಿಗೆ ಒಂದು ಜಾಗವಿದೆ, ಆದರೆ ಅಲ್ಲಿ ತುಂಬ ಜನ. ನನ್ನಂಥವನಿಗೆಂದು ಕವಿ ಬೇರೇನೂ ಮಾಡಿಲ್ಲ. ಫ್ಲ್ಯಾಟಿನಲ್ಲೇ ಇರಲಿ ಎಂದು ಬಿಟ್ಟಿರಬೇಕು.