ನೂರು ಆಂಪ್ಲಿಫೈಯರಿನ ಪೆಟ್ಟಿಗೆ

ಸುಧೀರನ ಪೆಟ್ಟಿಗೆಯೊಳಗೆ ನೂರು ಆಂಪ್ಲಿಫೈಯರುಗಳಿದ್ದವು. ಹೊರಗೆ ಮಾತ್ರ ಒಂದರದೂ ಸದ್ದು ಕೇಳುತ್ತಿರಲಿಲ್ಲ. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಇದೇ.

ಚಿಕ್ಕೋಡಿಯ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಟ್ರ್ಯಾಕ್ಟರು ತೂಗುವುದು ಅವನ ನೌಕರಿ, ಗಿಟಾರು ಅವನ ಹುಚ್ಚು. ಪುಣೆಯಿಂದ ತರಿಸಿದ್ದ ಆ ಡಿಜಿಟಲ್ ಪೆಟ್ಟಿಗೆಗೆ ಕಾಲಿನಿಂದ ಒತ್ತುವ ಗುಂಡಿಗಳಿದ್ದವು. ಗಿಟಾರಿನ ವಾಯರು ಚುಚ್ಚಿ ಗುಂಡಿ ಒತ್ತಿದರೆ ಲೋಕದ ಹೆಸರಾಂತ ಆಂಪ್ಲಿಫೈಯರುಗಳು ಹೇಗೆ ಹಾಡುತ್ತವೋ, ಹೇಗೆ ಗರ್ಜಿಸುತ್ತವೋ ಥೇಟ್ ಹಾಗೇ ಕೇಳಿಸುತ್ತಿತ್ತು, ಹೆಡ್‌ಫೋನ್ ಹಾಕಿಕೊಂಡವನಿಗೆ ಮಾತ್ರ. ನಾಲ್ಕು ಜನಕ್ಕೆ ಕೇಳಬೇಕಾದರೆ ಪವರ್ ಆಂಪ್ಲಿಫೈಯರು, ಸ್ಪೀಕರು ಬೇರೆ ಬೇಕು. ಅದನ್ನು ಮುಂದೆ ನೋಡಿದರಾಯಿತು ಎಂದು ಬಿಟ್ಟಿದ್ದ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ತಲೆ ಕುಣಿಸುತ್ತ ಅವನು ಬಾರಿಸುತ್ತಿದ್ದರೆ ದಾರಿಹೋಕರಿಗೆ ಬರೀ ತಂತಿ ಕೆರೆಯುವುದಷ್ಟೇ ಕಾಣುತ್ತಿತ್ತು. ಅವನ ತಾಯಿ ಸುಂದರಾಬಾಯಿ ಎರಡು ಸಲ ದೃಷ್ಟಿ ತೆಗೆದು ನೋಡಿದ್ದಳು, ಉಪಯೋಗವಾಗಿರಲಿಲ್ಲ.

ಅಂದು ಮಧ್ಯಾಹ್ನದ ಮೇಲೆ ಜುಗೂಳದಲ್ಲಿ ಅವನ ಸಾಕರಪುಡಾ. ಗಂಡಿನ ಕಡೆಯವರು ಒಯ್ದ ಸಕ್ಕರೆ ಪುಡಿಯನ್ನು, ಅಂದರೆ ಸಕ್ಕರೆಯ ಪೊಟ್ಟಣವನ್ನು, ಹುಡುಗಿಯ ಅಪ್ಪ ಬಿಚ್ಚಿ ಎಲ್ಲರ ಬಾಯಿಗೆ ಹಾಕಿದರೆ ಸಂಬಂಧ ಗಟ್ಟಿ. ಬಿಚ್ಚುವ ತನಕ ಯಾವುದೂ ಗಟ್ಟಿಯಲ್ಲ. ಹುಡುಗಿ, ಆಬಾಸಾಹೇಬರ ಕಿರಿಯ ಮಗಳು ನೀಲಮ, ಎಂದರೆ ಸುಧೀರನಿಗೆ ಪ್ರಾಣ.

ಬೆಳಿಗ್ಗೆಯೇ ಪಕ್ಕದ ಮನೆಯ ಕಾಮಣ್ಣ ಬಂದ. ಸಂಬಂಧ ಕುದುರಿಸಿದವನೂ ಅವನೇ, ಓಣಿಯ ಭಜನಾ ಮಂಡಳಿಯ ಯಜಮಾನನೂ ಅವನೇ.

"ಆಬಾಸಾಹೇಬ್ರು ಹೇಳಿ ಕಳಿಸ್ಯಾರ. ಹುಡುಗ ಬರೂ ಮುಂದ ಗಿಟಾರ, ಆ ಪೆಟ್ಟಿಗಿ ಎರಡೂ ತರಬೇಕಂತ. ಊರ ಮಂದಿಗೆ ತೋರಸಬೇಕಂತ."

"ತೋರಸಾಕ ಅದರಾಗೇನೈತಿ ಕಾಕಾ?" ಎಂದ ಸುಧೀರ.

"ಗಿಟಾರ ತಾ ಅಂದ್ರ ಬಾರಸಾಕ ಅಂತನ ಅರ್ಥ. ಅವರ ಹಿರೇ ಅಳಿಯ ಸಂಗ್ರಾಮ ಕೊಗನೊಳ್ಳ್ಯಾಗ ಸೌಂಡ್ ಸಿಸ್ಟಮ್ ಇಟ್ಟಾನ. ಅಂವ ಹಚ್ಚಿದಾ ಅಂದ್ರ ಮಾಡದಾಗಿನ ಭಾಂಡೆ ಕೆಳಗ ಬೀಳ್ತಾವ. ಅಂಥಾ ಅಳಿಯನ ಬಾಜೂಕ ಕುಂತು ನೀ ಕಿವಿಗೆ ಅದನ್ನ ಹಾಕ್ಕೊಂಡು ತಲಿ ಅಲ್ಲಾಡಿಸಿದ್ರ ಹುಡುಗಗ ಗಾಳಿ ಬಡದೈತಿ ಅಂತಾರ."

ಈ ಮಾತು ಸುಧೀರನ ಎದೆಗೆ ನಾಟಿತು. ಎಲ್ಲಾದರೂ ಒಂದು ಆಂಪ್ಲಿಫೈಯರು ಹುಟ್ಟಿಸಲೇಬೇಕೆಂದ. ಸುಂದರಾಬಾಯಿಗೆ ಲೆಕ್ಕ ಹತ್ತಲಿಲ್ಲ.

"ಒಳಗ ನೂರು ಅದಾವ ಅಂತಿ. ಮತ್ತ ಹೊರಗಿಂದೊಂದ್ ಯಾಕ?"

"ಒಳಗಿನವು ಬರೇ ನಾದ ಅವ್ವಾ. ತಾಕತ್ತು ಹೊರಗಿಂದ ಬರಬೇಕು."

"ಗ್ವಾಡಿ ಮ್ಯಾಲ ನೂರು ಎಮ್ಮಿ ಚಿತ್ರ ಬರದು, ಚಾಕ್ಕ ಹಾಲಿಲ್ಲ ಅಂದಂಗಾತು," ಎಂದು ಅವಳು ಒಳಗೆ ಹೋದಳು.

ಸುಧೀರ ನೀಲಮಳಿಗೆ ಮೆಸೇಜು ಬಿಟ್ಟ: "ಆಂಪ್ಲಿಫೈಯರ್ ಹಚ್ಚಿ ಬಾರಸ್ತೀನಿ. ಊರೆಲ್ಲಾ ಕೇಳಬೇಕು, ಹಂಗ."

ಇಲ್ಲಿ ಜುಗೂಳದ ಫೋನಿನ ಸಂಗತಿ ಹೇಳಬೇಕು. ಆ ಊರು ಕೃಷ್ಣೆಯ ದಂಡೆಯಲ್ಲಿದೆ. ನೀಲಮಳ ಮನೆಯ ಅಡಿಗೆ ಮನೆಗೆ ಕಾಲಿಟ್ಟರೆ ಫೋನು ಹೊಳೆ ಹಾರಿ ಆಚೆ ದಂಡೆಯ ಮಹಾರಾಷ್ಟ್ರದ ಟವರು ಹಿಡಿಯುತ್ತಿತ್ತು. ರೋಮಿಂಗಿಗೆ ಜನ ಹೆದರುತ್ತಿದ್ದ ಕಾಲ ಅದು. ಬಂದ ಮೆಸೇಜು ಓದಲು ಖರ್ಚಿಲ್ಲ. ಕಳಿಸಲು, ಮಾತಾಡಲು ಅವಳ ಫೋನಿನಲ್ಲಿ ಸಾಕಾಗುವಷ್ಟು ಬ್ಯಾಲೆನ್ಸು ಇರುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಮಿಸ್ಡ್ ಕಾಲಿನ ಭಾಷೆ ಮಾಡಿಕೊಂಡಿದ್ದರು. ಒಂದಾದರೆ ಎಲ್ಲಾ ಆರಾಮ. ಎರಡಾದರೆ ಲಗೂ ಮಾಡ್ರಿ. ಅದಕ್ಕಿಂತ ಹೆಚ್ಚಿನದರ ಅಗತ್ಯ ಪ್ರೇಮದಲ್ಲಿ ಅಲ್ಲಿಯ ತನಕ ಬಿದ್ದಿರಲಿಲ್ಲ.

ಮೆಸೇಜು ಮುಟ್ಟಿದ್ದೇ ಎರಡು ಮಿಸ್ಡ್ ಕಾಲು ಬಂದವು.

"ಲಗೂ ಅನ್ನಾಕತ್ತಾಳ ಕಾಕಾ."

ಕಾಮಣ್ಣ ಭಜನಾ ಮಂಡಳಿಯ ಆಂಪ್ಲಿಫೈಯರನ್ನೂ ಅದರ ಭೋಂಗಾವನ್ನೂ, ಅಂದರೆ ತುತ್ತೂರಿಯಂಥ ತಗಡಿನ ಸ್ಪೀಕರನ್ನೂ, ಹೊತ್ತು ತಂದ. ಮೈಕು ಚುಚ್ಚುವ ತೂತಿಗೆ ಪೆಟ್ಟಿಗೆ ಚುಚ್ಚಿದ್ದಾಯಿತು. ಸುಧೀರ ಬಲು ಮೃದುವಾದ ಒಂದು ಸ್ವರ ಹಿಡಿದ. ಭೋಂಗಾ ಅದನ್ನು ಮೂಗಿನಲ್ಲಿ ಎಳೆದು ಎಳೆದು ಅತ್ತಿತು. ಹಿಂದಿನ ಓಣಿಯ ಮಲಕವ್ವ ತಲೆಯ ಮೇಲೆ ಸೆರಗು ಹೊದ್ದು, ಕಣ್ಣೊರೆಸಿಕೊಳ್ಳುತ್ತ ಓಡಿ ಬಂದು ಸುಂದರಾಬಾಯಿಯ ಕೊರಳಿಗೆ ಬಿದ್ದಳು.

"ಯಾವಾಗ ಆತಬೇ ಇದು? ನಿನ್ನೆ ನೋಡಿದ್ನಲ್ಲ, ಆರಾಮ ಇದ್ರು."

ಯಾರೂ ಸತ್ತಿಲ್ಲವೆಂದು ಅವಳನ್ನು ನಂಬಿಸುವಷ್ಟರಲ್ಲಿ ಆಂಪ್ಲಿಫೈಯರೇ ಸತ್ತಿತು. ಹಿಂದಿನ ಜಾಲರಿಯಿಂದ ಹೊಗೆ ಬಂತು. ಹತ್ತು ವರ್ಷ ದೇವರ ಹೆಸರು ಹೇಳಿದ ಯಂತ್ರವೆಂದು ಕಾಮಣ್ಣ ಅದಕ್ಕೆ ಕೈ ಮುಗಿದ.

"ಇನ್ನೂ ದೊಡ್ಡದು ನೋಡಾಕತ್ತೀವಿ," ಎಂದು ಸುಧೀರ ಇನ್ನೊಂದು ಮೆಸೇಜು ಕಳಿಸಿದ. ಈ ಸಲ ನಾಲ್ಕು ಮಿಸ್ಡ್ ಕಾಲು. ಇವನೇ ಮರಳಿ ಫೋನು ಹಚ್ಚಿದರೆ ಯಾರೋ ಹೆಣ್ಣುಮಗಳು, ನೀವು ಕರೆ ಮಾಡಿದವರು ಸಂಪರ್ಕದಲ್ಲಿಲ್ಲ ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದಳು.

"ನಾಕಕ್ಕ ಏನು ಅರ್ಥ?" ಎಂದ ಕಾಮಣ್ಣ.

"ನಾಕಕ್ಕ ನಾವೇನೂ ಮಾತಾಡಿಕೊಂಡಿಲ್ರಿ."

"ಎರಡಕ್ಕ ಲಗೂ ಅಂದ್ರ, ನಾಕಕ್ಕ ಹೌದು, ದೊಡ್ಡದ ತರ್ರಿ ಅಂತ. ಇದರಾಗೇನೈತಿ ತಿಳಿಲಾರದ್ದು."

ಇಬ್ಬರೂ ಬಾಳಾಸಾಬನ ಬೆಂಜೋ ಪಾರ್ಟಿಯ ಕಡೆಗೆ ಓಡಿದರು. ಮದುವೆ ಮೆರವಣಿಗೆಯ ಮುಂದೆ ಕೈಗಾಡಿಯ ಮೇಲೆ ಬೆಂಜೋ ಬಾರಿಸುತ್ತ ಹೋಗುವ ಪಾರ್ಟಿ ಅದು. ಬಾಳಾಸಾಬ ಗಾಡಿಯನ್ನು ಬೀದಿಗೆ ಎಳೆದು, ಬ್ಯಾಟರಿ ಹಚ್ಚಿ, "ಹ್ಞಾ, ಚಾಲೂ ಕರಾ," ಎಂದ. ಸುಧೀರ ಬಾರಿಸಿದ. ಗಾಡಿಯಿಂದ ಬಂದದ್ದು ಗಿಟಾರಲ್ಲ, ಅಪ್ಪಟ ಬೆಂಜೋ. ಪೆಟ್ಟಿಗೆಯ ನೂರು ಆಂಪ್ಲಿಫೈಯರು ಬದಲಿಸಿದರೂ ಬೆಂಜೋ. ಅಷ್ಟರಲ್ಲಿ ಸಂತೆಗೆ ಹೊರಟಿದ್ದ ಜನ ಚೀಲ ಕೆಳಗಿಟ್ಟು ಕುಣಿಯತೊಡಗಿದ್ದರು. ಒಬ್ಬ ಮುದುಕ ಹತ್ತರ ನೋಟನ್ನು ಸುಧೀರನ ತಲೆಯ ಸುತ್ತ ಇಳಿ ತೆಗೆದು ಬಾಳಾಸಾಬನ ಕಿಸೆಗೆ ತುರುಕಿದ.

"ನಮ್ಮ ಮಶೀನಿಗೆ ಬೆಂಜೋ ರೂಢಿ ಆಗ್ಯದ ಬಾಬಾ," ಎಂದ ಬಾಳಾಸಾಬ ಸಂಕೋಚದಿಂದ. "ಏನ್ ಹಾಕಿದ್ರೂ ಅದ ಅಂತೈತಿ. ಆದ್ರ ನಿನ್ನ ಕೈ ಚಲೋ ಐತಿ. ಲಗ್ನದ ಸೀಜನ್ನಿಗೆ ಬರ್ತೀಯೇನು?"

ಕುಣಿಯುವವರನ್ನು ಸರಿಸಿ ಪೆಟ್ಟಿಗೆ ಬಿಡಿಸಿಕೊಳ್ಳುವುದರಲ್ಲಿ ಸುಧೀರನ ಇಸ್ತ್ರಿಯ ಅಂಗಿ ಹಿಂಡಿದ ಬಟ್ಟೆಯಂತಾಯಿತು. ಉಳಿದದ್ದು ಒಂದೇ ದಾರಿ. ನಾಚಿಕೆ ಬಿಟ್ಟು ಸಂಗ್ರಾಮನಿಗೇ ಫೋನು ಮಾಡಿದ.

ಸಂಗ್ರಾಮ ಎಲ್ಲ ಕೇಳಿಸಿಕೊಂಡ. ಆಮೇಲೆ ಅವನ ದನಿಯಲ್ಲಿ ಜೇನು ಸುರಿಯಿತು.

"ಅಣ್ಣ ತಮ್ಮರಾಗ ಕೇಳೂದೇನೈತಿ? ನನ್ನ ಪವರ್ ಆಂಪ್ಲಿಫೈಯರ್ ಒಯ್ಯಿ. ಎರಡು ದೊಡ್ಡ ಸ್ಪೀಕರ್ ಒಯ್ಯಿ. ನಾನ ಟೆಂಪೋದಾಗ ಹಾಕ್ಕೊಂಡು ಬರ್ತೀನಿ. ಬಾಡಗಿ ಗೀಡಗಿ ಏನೂ ಬ್ಯಾಡ."

"ಬೆಂಜೋದ ಹಂಗ ಆಗೂದಿಲ್ಲಲ್ರಿ ಸಂಗ್ರಾಮಣ್ಣ?"

"ಇದು ತನ್ನದೇನೂ ಕೂಡಸೂದಿಲ್ಲ ತಮ್ಮಾ. ನೀ ಕೊಟ್ಟದ್ದನ್ನ ದೊಡ್ಡದು ಮಾಡ್ತೈತಿ, ಅಷ್ಟ. ಮಾವನ ಅಂಗಳದಾಗ ಇದನ್ನ ಹಚ್ಚಿ ಮೂರು ವರ್ಷ ಆತು ನೋಡು."

"ಯಾಕ್ರಿ?"

"ಪುರಸೊತ್ತ ಸಿಗವಲ್ದು," ಎಂದು ಸಂಗ್ರಾಮ ಫೋನು ಇಟ್ಟ.

ಎಂಥ ದೊಡ್ಡ ಮನಸ್ಸು ಎಂದು ಸುಧೀರನ ಕಣ್ಣು ತುಂಬಿದವು. ನೀಲಮಳಿಗೆ ಸುದ್ದಿ ಮುಟ್ಟಿಸಿದ. ಆಮೇಲೆ ಬಂದ ಮಿಸ್ಡ್ ಕಾಲುಗಳನ್ನು ಯಾರೂ ಎಣಿಸಲಿಲ್ಲ. ಜುಗೂಳದ ದಾರಿಯುದ್ದಕ್ಕೂ ಫೋನು ಕಿಸೆಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಲೇ ಇತ್ತು.

"ಹುಡುಗಿಗೆ ಹಿಗ್ಗು ತಡಿಯಾಕ ಆಗವಲ್ದು," ಎಂದ ಕಾಮಣ್ಣ.

ಆಬಾಸಾಹೇಬರ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಒಂದು ಬದಿಗೆ ಬೀಗರು, ಇನ್ನೊಂದು ಬದಿಯ ದನದ ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ. ಆ ಎಮ್ಮೆಗಳ ಹಾಲಿನ ಮೇಲೆಯೇ ಆ ಮನೆ ನಿಂತಿತ್ತು. ಟೆಂಪೋದಿಂದ ಸ್ಪೀಕರು ಇಳಿಯುವುದನ್ನು ಕಂಡು ಆಬಾಸಾಹೇಬರ ಬಾಯಿ ತೆರೆಯಿತು, ಆದರೆ ಬೀಗರೆದುರು ಮಾತು ಹೊರಡಲಿಲ್ಲ. ಅದನ್ನು ಸುಧೀರ ಮೆಚ್ಚುಗೆ ಎಂದುಕೊಂಡ. ಅಡಿಗೆ ಮನೆಯ ಬಾಗಿಲಲ್ಲಿ ನೀಲಮ ಎರಡೂ ಕೈ ಬೀಸುತ್ತಿದ್ದಳು. ಇವನೂ ಬೀಸಿದ.

ಬಾರಿಸಲು ನಿಂತ ಸುಧೀರ, ಹಿರಿಯರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವುದು ಹೇಗೆಂದು ಅದನ್ನು ಹೊರಗೇ ಬಿಟ್ಟು ಬಂದಿದ್ದ. ತಪ್ಪಾದದ್ದು ಅಲ್ಲಿ. ಮೃದು ಸ್ವರದ ಗುಂಡಿಗೆಂದು ಇಟ್ಟ ಬರಿಗಾಲಿನ ಹೆಬ್ಬೆರಳು ಅದನ್ನು ಬಿಟ್ಟು ಪಕ್ಕದ ಗುಂಡಿ ಒತ್ತಿತು. ನೂರರಲ್ಲಿ ಎಲ್ಲಕ್ಕಿಂತ ಒರಟಾದ ಆಂಪ್ಲಿಫೈಯರು ಅದು. ಸುಧೀರ ದೇವರನ್ನು ನೆನೆದು ಆರೂ ತಂತಿ ಒಟ್ಟಿಗೆ ಎಳೆದ.

ಶಾಮಿಯಾನ ಒಮ್ಮೆ ಉಬ್ಬಿ ಇಳಿಯಿತು. ಗೋಡೆಯ ಮಾಡದಲ್ಲಿದ್ದ ಪಾತ್ರೆ ಭಾಂಡೆ, ಕಾಮಣ್ಣ ಹೇಳಿದ್ದ ಹಾಗೆಯೇ, ಕೆಳಗೆ ಬಿದ್ದವು. ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು. ನಾಲ್ಕೂ ಎಮ್ಮೆ ಗೂಟ ಕಿತ್ತುಕೊಂಡು, ಬೀಗರ ನಡುವಿನಿಂದಲೇ ಹಾದು, ಹೊಳೆಯ ಕಡೆಗೆ ಹೋದವು. ಬೀಗರಲ್ಲಿ ಕೆಲವರು ಅವಕ್ಕಿಂತ ಮುಂದಿದ್ದರು.

ಸದ್ದು ಅಡಗಿದ ಮೇಲೆ ಆಬಾಸಾಹೇಬರು ಸಾವಕಾಶವಾಗಿ ಎದ್ದು ಬಂದರು.

"ತಮ್ಮಾ, ಎಂಟು ಹುಡುಗೋರನ್ನ ಬಿಟ್ಟು ನಿನ್ನ ಯಾಕ ಆರಿಸಿದೆ, ಗೊತ್ತೈತೇನು? ಈ ಸಂಗ್ರಾಮ ಇಲ್ಲೆ ಮಶೀನ ಹಚ್ಚಿದಾಗ ಎಮ್ಮಿ ಹದಿನೈದು ದಿನ ಹಾಲು ಬಿಡಲಿಲ್ಲ. ಅವತ್ತ ಇಂವಗ ಮಶೀನ ತಂದ್ರ ಕಾಲು ಮುರೀತೀನಿ ಅಂದೆ. ಕಿರೇ ಅಳಿಯ ದಿನಾ ಬಾರಿಸಿದ್ರೂ ಇರವಿಗೆ ಸುದ್ದ ಕೇಳೂದಿಲ್ಲ ಅಂತ ನೀಲಮ ಹೇಳಿದ್ಲು. ಅಂಥಾ ಬಂಗಾರದಂಥ ವಾದ್ಯ ಊರ ಮಂದಿಗೆ ತೋರಸೂಣು ಅಂತ ಹೇಳಿ ಕಳಿಸಿದ್ದೆ."

ಸುಧೀರ ಸಂಗ್ರಾಮನ ಕಡೆ ನೋಡಿದ. ಮನೆಯ ಕೆಟ್ಟ ಅಳಿಯನೆಂಬ ಪಟ್ಟ ಇಳಿಸಿದವನ ಸುಖದಲ್ಲಿ ಸಂಗ್ರಾಮ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಬಂದ ಮಿಸ್ಡ್ ಕಾಲುಗಳೆಲ್ಲ ಬ್ಯಾಡ, ಬ್ಯಾಡ ಎನ್ನುತ್ತಿದ್ದವೆಂದು ಸುಧೀರನಿಗೆ ಈಗ ಹೊಳೆಯಿತು.

"ಎಮ್ಮಿ ಹೊಡಕೊಂಡು ಬಾ," ಎಂದರು ಆಬಾಸಾಹೇಬರು. "ಆಮ್ಯಾಲ ಸಕ್ಕರಿ ಪುಡಿ ಮಾತು."

ಫೋನನ್ನು ತಾಯಿಯ ಕೈಗೆ ಕೊಟ್ಟು ಸುಧೀರ ಹೊಳೆಗಿಳಿದ. ಎಮ್ಮೆಗಳು ಮೂಗಷ್ಟೇ ಮೇಲಿಟ್ಟುಕೊಂಡು ಇವನನ್ನು ಅಪರಿಚಿತನಂತೆ ನೋಡಿದವು. ಬೇಡಿಕೊಂಡ, ಬೈದ, ಬಾಲ ಹಿಡಿದು ಎಳೆದ. ಕಡೆಗೆ ಬೇಸತ್ತು ಅವು ತಾವಾಗಿ ಎದ್ದು ಮನೆಗೆ ಹೊರಟವು. ಇವನು ಕೆಸರಾಗಿ ಹಿಂದೆ ಬಂದ.

ಹೊತ್ತು ಮುಳುಗುವ ಮುಂದೆ ಆಬಾಸಾಹೇಬರು ತಾವೇ ಹಿಂಡಲು ಕೂತರು. ಬಕೀಟು ತುಂಬಿತು. ಇನ್ನೊಂದು ತರಿಸಿದರು, ಅದೂ ತುಂಬಿತು. ಸುಂದರಾಬಾಯಿ ಅಡಿಗೆ ಮನೆಯಿಂದ ಪಾತೇಲಿ ತರಬೇಕಾಯಿತು. ಆಬಾಸಾಹೇಬರು ಹಾಲನ್ನೂ ಗಿಟಾರನ್ನೂ ಪಾಳಿಯ ಮೇಲೆ ನೋಡಿದರು.

"ನೀರಾಗ ಕುಂತು ತಂಪಾಗ್ಯಾವ್ರಿ ಮಾವಾರ," ಎಂದ ಸಂಗ್ರಾಮ ಗಾಬರಿಯಿಂದ.

"ದಿನಾ ನೀರಿಗೆ ಹೋಗ್ತಾವ. ದಿನಾ ಹಿಂಗ ಹಿಂಡ್ಯಾವೇನು? ನಿಂದು ಬರೇ ಗದ್ದಲ. ಈ ಹುಡುಗನ ಕೈಯಾಗ ಗುಣ ಐತಿ." ಆಬಾಸಾಹೇಬರು ಸುಧೀರನ ಕಡೆ ತಿರುಗಿದರು. "ನಾಳಿಂದ ಹಿಂಡೂ ಹೊತ್ತಿಗೆ ಬಂದು ಇಷ್ಟ ಜೋರ್ ಬಾರಸು. ಮುಂಜಾನಿಗೊಮ್ಮೆ, ಸಂಜೀಕೊಮ್ಮೆ. ಮಶೀನ ಕೊಟ್ಟಿಗ್ಯಾಗ ಇರಲಿ."

ಮದುವೆ ಸೀಜನ್ನಿನಲ್ಲಿ ಮಶೀನು ಎಮ್ಮೆಗಳ ಪಾಲಾದದ್ದು ಕೇಳಿ ಸಂಗ್ರಾಮ ಕಾಲ ಮೇಲೆ ಹಾಕಿದ್ದ ಕಾಲನ್ನು ಕೆಳಗಿಳಿಸಿದ.

"ಚಿಕ್ಕೋಡಿಂದ ದಿನಾ ಎರಡು ಸಲ..." ಸುಧೀರ ತೊದಲಿದ. "ಇರಲ್ರಿ ಮಾವಾರ, ಬರ್ತೀನಿ. ಸಕ್ಕರಿ ಪುಡಿ ಬಿಚ್ಚೂಣೇನ್ರಿ?"

"ಅವಸರ ಏನೈತಿ?" ಆಬಾಸಾಹೇಬರು ಪುಡಿಯನ್ನು ಬಿಚ್ಚದೆ ಮೇಲಿನ ಮಾಡದಲ್ಲಿಟ್ಟರು. "ಒಂದು ತಿಂಗಳ ಹಾಲು ನೋಡೂಣು."

ಸುಂದರಾಬಾಯಿಯ ಕೈಯಲ್ಲಿದ್ದ ಫೋನು ಒಮ್ಮೆ ಬಡಿದು ನಿಂತಿತು. ಅಡಿಗೆ ಮನೆಯ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ಯಾರೋ ನಗುವುದು ಕೇಳಿಸಿತು.

"ಒಂದಕ್ಕ ಏನು ಅರ್ಥ?" ಎಂದು ಕಾಮಣ್ಣ ಕೇಳಿದ.

"ಎಲ್ಲಾ ಆರಾಮ," ಎಂದ ಸುಧೀರ, ಪ್ಯಾಂಟಿನ ನೀರು ಹಿಂಡುತ್ತ.